7ನೇ ತರಗತಿ ಗಣಿತ, ವಿಜ್ಞಾನ: ಪಾಲಕರ ಗಮನಕ್ಕೆ

ಎಲ್ಲ ಪಾಲಕರಿಗೂ ನಮಸ್ಕಾರ್ರಿ. ಎರಡೂ ವಿಷಯಕ್ಕೆ ಬೇರೆ ಬೇರೆ ನೋಟ್‌ಬುಕ್ ಇರಲಿ. ಕಂಪಾಸ್ ಪೆಟ್ಟಿಗೆ ಅಣ್ಣಂದು, ಅಕ್ಕಂದು ಹಳೇದಿದ್ರೂ ನಡೀತದ.

ಲೆಕ್ಕದಾಗ ಬರೀ ಉತ್ತರ ಬೇಡ, ಹಂತ ಬೇಕು. ನಿನ್ನೆ ತುಂಗಭದ್ರಾ ಡ್ಯಾಮಿನ ಪೂರ್ಣ ನೀರಿನ ಮಟ್ಟ, ಅಂದ್ರ ಸಮುದ್ರ ಮಟ್ಟದಿಂದ 1,633 ಅಡಿಯನ್ನು ಮೀಟರಿಗೆ ತರಲು ಕೊಟ್ಟಿದ್ದೆ. ಒಬ್ಬ ಹುಡುಗ 0.3048ರಿಂದ ಗುಣಿಸೋ ಬದಲು ಭಾಗಿಸಿ 5,357 ಮೀಟರ್ ಚಿಲ್ಲರೆ ತಂದ. ಡ್ಯಾಮ್ ಇರೋ ಮುನಿರಾಬಾದ್ ಸೀದಾ ಹಿಮಾಲಯಕ್ಕೆ ಹೋಯ್ತು! ಹಂತ ಬರೆದಿದ್ದಕ್ಕೆ ತಪ್ಪು ಅವನೇ ಹಿಡಿದ, ಸುಮಾರು 498 ಬಂತು. ಅದಕ್ಕೇ ತಪ್ಪನ್ನ ರಬ್ಬರಿನಿಂದ ಅಳಿಸಬಾರದು, ಒಂದು ಗೆರಿ ಹೊಡೆದರೆ ಸಾಕು.

ವಿಜ್ಞಾನಕ್ಕೆ ಶುಕ್ರವಾರ ಒಂದು ಹಿಡಿ ಹೊಲದ ಮಣ್ಣು ಕಳಿಸ್ರಿ, ಎರೆ (ಕಪ್ಪು ಮಣ್ಣು) ಇರಲಿ, ಮಸಾರಿ (ಕೆಂಪು ಮಣ್ಣು) ಇರಲಿ. ಯಾವುದ್ರಾಗ ನೀರು ಬೇಗ ಇಂಗ್ತದ ನೋಡೋಣ.

ಹೋಮ್‌ವರ್ಕ್ ಮಾತ್ರ ನೀವು ಬರೆದು ಕೊಡಬೇಡ್ರಿ. ಅಕ್ಷರ ನೋಡಿದ ಕೂಡಲೇ ಗೊತ್ತಾಗ್ತದ.