ದೋಣಿಗಾಲ್ ಕಾಮಗಾರಿ ಮತ್ತು ನಮ್ಮ ಊರಿನ ರಸ್ತೆ

ಗುಂಪಿನ ಸದಸ್ಯರಿಗೆಲ್ಲ ನಮಸ್ಕಾರ.

ಸಕಲೇಶಪುರ ಮತ್ತು ಮಾರನಹಳ್ಳಿ ನಡುವಿನ ರಾಷ್ಟ್ರೀಯ ಹೆದ್ದಾರಿ 75ರ ಚತುಷ್ಪಥ ಕಾಮಗಾರಿ ವರ್ಷಗಳಿಂದ ಎಳೆಯುತ್ತಿರುವುದು, 2021 ಮತ್ತು 2022ರ ಮಳೆಗಾಲದಲ್ಲಿ ದೋಣಿಗಾಲ್ ಬಳಿ ರಸ್ತೆಯೇ ಕುಸಿದದ್ದು, 2024ರಲ್ಲಿ ದೊಡ್ಡತಪ್ಲು ಬಳಿ ಗುಡ್ಡ ಜರಿದದ್ದು ತಮಗೆ ಗೊತ್ತೇ ಇದೆ. ಗುಡ್ಡದ ಬುಡವನ್ನು ನೇರವಾಗಿ ಕಡಿದಲ್ಲಿ, ನೀರು ಕುಡಿದ ಮಣ್ಣು ತನ್ನ ಭಾರಕ್ಕೇ ಜಾರುತ್ತದೆ. ಆದ್ದರಿಂದ ಈ ಮಳೆಗಾಲದಲ್ಲೂ ಹೆದ್ದಾರಿಯ ವಾಹನಗಳು ತೋಟಗಳ ನಡುವಿನ ನಮ್ಮ ಊರಿನ ರಸ್ತೆಗೆ ತಿರುಗುವ ಸಂಭವವಿದೆ.

ಎರಡು ಕಾರುಗಳು ಎದುರಾದರೆ ಒಂದು ಚಕ್ರವನ್ನು ಮಣ್ಣಿಗಿಳಿಸಲೇಬೇಕಾದ ಈ ರಸ್ತೆಯ ಅಂಚು ಮಳೆಯಲ್ಲಿ ಮೆತ್ತಗಾಗಿರುವುದರಿಂದ, ಏರು ಹತ್ತುತ್ತಿರುವ ವಾಹನಕ್ಕೆ ದಾರಿ ಬಿಟ್ಟು, ಅಗಲವಿರುವ ಕಡೆಯಲ್ಲೇ ಮುಂಚಿತವಾಗಿ ನಿಲ್ಲಿಸಿಕೊಳ್ಳಬೇಕಾಗಿ ವಿನಂತಿ. ತಿರುವುಗಳಲ್ಲಿ ಹಾರ್ನ್ ಮಾಡಿ. ಮಂಜಿದ್ದಾಗ ಹೈ ಬೀಮ್ ಹಾಕಬೇಡಿ, ಅದರ ಬೆಳಕು ಮರಳಿ ನಮ್ಮ ಕಣ್ಣಿಗೇ ಹೊಡೆಯುತ್ತದೆ. ಬೆಳಿಗ್ಗೆ ಮತ್ತು ಸಂಜೆ ತೋಟದ ಕೆಲಸಗಾರರೂ ಶಾಲೆಯ ಮಕ್ಕಳೂ ಇದೇ ರಸ್ತೆಯಲ್ಲಿ ನಡೆಯುತ್ತಾರೆ. (ಗಡಿಬಿಡಿ ಹೆಚ್ಚಾಗಿ ಹೊರಗಿನವರದೇ ಎನ್ನುವುದು ನಿಜ, ಆದರೆ ನಮ್ಮವರೇನೂ ಕಡಿಮೆಯಿಲ್ಲ.)

ಈ ಹೆದ್ದಾರಿಯ ಶಿರಾಡಿ ಘಾಟಿ ಬಂದ್ ಆಗಿದೆ ಎಂಬ ಹಳೆಯ ವಿಡಿಯೋಗಳನ್ನು ದಯವಿಟ್ಟು ಇಲ್ಲಿ ಹಾಕಬೇಡಿ. ಜಿಲ್ಲಾಡಳಿತದ ಆದೇಶದ ಪ್ರತಿಯನ್ನು ಮಾತ್ರ, ದಿನಾಂಕ ನೋಡಿ ಹಂಚಿಕೊಳ್ಳಿ.