ಮಗಳಿಗೊಂದು ಪತ್ರ: ಕೈನೇಸ್ ಅಷ್ಟು ಕೆಟ್ಟದ್ದಾದರೆ ಮೈಯಲ್ಲಿ ಯಾಕಿದೆ?

ಪ್ರೀತಿಯ ಪುಟ್ಟಿ,

ಸ್ತನ ಕ್ಯಾನ್ಸರ್ ಬೆಳೆಯಲು ಕೈನೇಸ್ ಕಿಣ್ವಗಳು ಕಾರಣ ಅಂತಾದರೆ ಅವು ನಮ್ಮ ಮೈಯಲ್ಲಿ ಇರೋದಾದರೂ ಯಾಕೆ ಅಂತ ನೀನು ಕೇಳಿದ್ದೆ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕೈನೇಸ್ ಮಾಡುವುದು ಚಿಕ್ಕ ಕೆಲಸ. ಜೀವಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಎಂಬ ಅಣುವಿನಿಂದ ಒಂದು ಫಾಸ್ಫೇಟ್ ತೆಗೆದು ಇನ್ನೊಂದು ಅಣುವಿಗೆ ಅಂಟಿಸುತ್ತದೆ. ಅಲ್ಲಿಂದ ಸುದ್ದಿ ಕೈಯಿಂದ ಕೈಗೆ ದಾಟುತ್ತದೆ: ಬೆಳೆ, ಎರಡಾಗು, ಸಾಯಬೇಡ. ಗಾಯ ಮಾಯುವುದಕ್ಕೂ ಇದು ಬೇಕು. ಆ ಫಾಸ್ಫೇಟನ್ನು ತೆಗೆದುಹಾಕುವ ಕಿಣ್ವಗಳೂ ಇವೆ. ಈ ಲೆಕ್ಕ ತಪ್ಪಿದರೆ ತೊಂದರೆ ಶುರು.

ಲ್ಯಾಬಿನಲ್ಲಿ ನನಗೆ ದಿನಾ ಎದುರಾಗುವುದು ಹರ್-2. ಜೀವಕೋಶದ ಮೇಲ್ಮೈಯಲ್ಲಿ ಕೂರುವ ಪ್ರೋಟೀನ್, ಒಳಗಿನ ತುದಿ ಕೈನೇಸ್. ನೂರರಲ್ಲಿ 15-20 ಸ್ತನ ಕ್ಯಾನ್ಸರ್‌ಗಳಲ್ಲಿ ಇದು ವಿಪರೀತ ಜಾಸ್ತಿ ಇರುತ್ತದೆ. ಅಷ್ಟು ಕಿಕ್ಕಿರಿದರೆ ಯಾರೂ ಕರೆಯದಿದ್ದರೂ ಜೋಡಿಯಾಗಿ ಸುದ್ದಿ ಕಳಿಸುತ್ತಲೇ ಇರುತ್ತವೆ. ಬಣ್ಣ ಹಾಕಿದ ಸ್ಲೈಡ್ ನೋಡಬೇಕು ನೀನು. ಪ್ರತಿ ಕೋಶದ ಸುತ್ತ ಗಾಢ ಕಂದು ಗೆರೆ, ಒಂದಕ್ಕೊಂದು ಸೇರಿ ಕೋಳಿಗೂಡಿನ ತಂತಿಬಲೆಯ ಹಾಗೆ. ಅದಕ್ಕೆ ನಾವು ಕೊಡುವ ಅಂಕ 3+, ಹರ್-2 ವಿಪರೀತ ಇದೆ ಅನ್ನುವುದರಲ್ಲಿ ಅನುಮಾನವೇ ಇಲ್ಲ. 2+ ಬಂದರೆ ತಲೆನೋವು, ಹೌದೋ ಅಲ್ಲವೋ ಹೇಳಲಾಗದು. ಆಗ ಫಿಶ್ ಪರೀಕ್ಷೆ ಮಾಡಿ ಹರ್-2 ಜೀನ್‌ಗಳನ್ನೇ ಎಣಿಸಬೇಕು.

ಈ ಜೀನ್ ಹೆಚ್ಚಾದವರಲ್ಲಿ ರೋಗ ಬೇಗ ಮರುಕಳಿಸುತ್ತದೆ ಎಂದು ಅಮೆರಿಕದ ಸಂಶೋಧಕ ಡೆನಿಸ್ ಸ್ಲ್ಯಾಮನ್ ತಂಡ 1987ರಲ್ಲಿ ತೋರಿಸಿತು. 1998ರಲ್ಲಿ ಅಮೆರಿಕದಲ್ಲಿ ಹರ್-2 ತಡೆಯುವ ಔಷಧಿ ಟ್ರಾಸ್ಟುಜುಮ್ಯಾಬ್‌ಗೆ ಒಪ್ಪಿಗೆ ಸಿಕ್ಕಿತು. ಆಮೇಲೆ ಆ ರಿಪೋರ್ಟಿನ ಅರ್ಥವೇ ಬದಲಾಯಿತು, ಅಲ್ವಾ? 3+ ಅಂದರೆ ಈಗ ಔಷಧಿಗೆ ಒಂದು ಗುರಿ ಇದೆ ಅಂತ.

ನಿನ್ನ ಪ್ರಶ್ನೆಗೆ ನಿಜವಾದ ಉತ್ತರ ಇರುವುದು ಪಿಐ3-ಕೈನೇಸ್ ಎಂಬ ಇನ್ನೊಂದು ಕೈನೇಸ್‌ನಲ್ಲಿ. ಹಾರ್ಮೋನ್ ಪಾಸಿಟಿವ್ (ಹಾರ್ಮೋನಿಗೆ ಸ್ಪಂದಿಸಿ ಬೆಳೆಯುವ), ಹರ್-2 ನೆಗೆಟಿವ್ (ಹರ್-2 ವಿಪರೀತ ಇಲ್ಲದ) ಸ್ತನ ಕ್ಯಾನ್ಸರ್‌ಗಳಲ್ಲಿ ಸುಮಾರು 40%ರಷ್ಟರಲ್ಲಿ ಇದರ ಜೀನ್ ಕೆಟ್ಟು, ಕಿಣ್ವ ಸುಮ್ಮನಾಗದೆ ಸುದ್ದಿ ಕಳಿಸುತ್ತಿರುತ್ತದೆ. ಆದರೆ ಇನ್ಸುಲಿನ್‌ನ ಸುದ್ದಿ ಹೊರುವುದೂ ಇದೇ ಕಿಣ್ವ! ಹಾಗಾಗಿ ಇದನ್ನು ತಡೆಯುವ ಆಲ್ಪೆಲಿಸಿಬ್ ಮಾತ್ರೆ ಕೊಟ್ಟರೆ ಹಲವರಿಗೆ ಶುಗರ್ ಏರುತ್ತದೆ. ಶುಗರ್ ಏರಿದರೆ ಮೈ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಆ ಇನ್ಸುಲಿನ್ ನಾವು ಮುಚ್ಚಿದ ದಾರಿಯನ್ನೇ ಮತ್ತೆ ತೆರೆಯಲು ನೋಡುತ್ತದೆ. ಕ್ಯಾನ್ಸರ್ ಡಾಕ್ಟರು ಶುಗರ್ ರಿಪೋರ್ಟ್ ಕೇಳುವುದು ಸುಮ್ನೆ ಅಲ್ಲ.

ಪುಸ್ತಕದ ಚಿತ್ರದಲ್ಲಿ ಬಾಣಗಳೆಲ್ಲ ಮೇಲಿಂದ ಕೆಳಕ್ಕೆ ಇರುತ್ತವೆ, ಅದನ್ನು ಪೂರ್ತಿ ನಂಬಬೇಡ. ಕೆಳಗೆ ತಡೆದರೆ ಮೇಲಿನದು ಜೋರಾಗುವುದೂ ಉಂಟು. ಪುಸ್ತಕದಲ್ಲಿ ಪಿಟೆನ್ ಎಂಬ ಕಿಣ್ವದ ಭಾಗವನ್ನು ಇನ್ನೊಮ್ಮೆ ಓದು. ಪಿಐ3-ಕೈನೇಸ್ ಅಂಟಿಸಿದ ಫಾಸ್ಫೇಟನ್ನು ಕೀಳುವುದು ಅದೇ. ಅರ್ಥವಾಗದಿದ್ದರೆ ಭಾನುವಾರ ಫೋನ್ ಮಾಡು.

ನಿನ್ನ ಅಮ್ಮ