ತಪ್ಪು ತಲೆಬರಹಗಳಿಗೂ ಒಂದು ಪುಟ ಮೀಸಲಿಡಿ

ಮಾನ್ಯ ಸಂಪಾದಕರೇ,

1843ರ ಜುಲೈ 1ರಂದು ‘ಮಂಗಳೂರು ಸಮಾಚಾರ’ ಹೊರಬಂದುದರ ನೆನಪಿಗೆ ನಾಡಿನಲ್ಲಿ ಪ್ರತಿವರ್ಷ ಪತ್ರಿಕಾ ದಿನ ಆಚರಿಸುತ್ತೇವೆ. ಪತ್ರಿಕೆಗಳು ಮಾಡಿದ ಒಳ್ಳೆಯ ಕೆಲಸಗಳ ಪ್ರಸ್ತಾಪ ಆ ಸಮಾರಂಭಗಳಲ್ಲಿ ಧಾರಾಳವಾಗಿ ಬರುತ್ತದೆ, ಬರಬೇಕಾದದ್ದೇ. ಆದರೆ ಪತ್ರಿಕೋದ್ಯಮದ ಇತಿಹಾಸದಲ್ಲಿ ಮನಸಾರೆ ನಕ್ಕು ಓದಬಹುದಾದ ಅಧ್ಯಾಯವೆಂದರೆ ಎಡವಿದ ತಲೆಬರಹಗಳದು. ಅದರ ಬಗ್ಗೆ ಅಲ್ಲಿ ಯಾರೂ ಮಾತನಾಡುವುದಿಲ್ಲ.

ಈ ಪೈಕಿ ಅಗ್ರಸ್ಥಾನ 1948ರ ನವೆಂಬರ್ 3ರ ‘ಷಿಕಾಗೊ ಡೈಲಿ ಟ್ರಿಬ್ಯೂನ್’ ಪತ್ರಿಕೆಗೆ ಸಲ್ಲಬೇಕು. ಆಗಿನ ಅಧ್ಯಕ್ಷ ಟ್ರೂಮನ್ ಮತ್ತು ಎದುರಾಳಿ ಡ್ಯೂಯಿ ನಡುವಿನ ಅಮೆರಿಕದ ಅಧ್ಯಕ್ಷ ಚುನಾವಣೆಯ ಎಣಿಕೆ ಇನ್ನೂ ನಡೆಯುತ್ತಿರುವಾಗಲೇ ‘ಟ್ರೂಮನ್‌ರನ್ನು ಸೋಲಿಸಿದ ಡ್ಯೂಯಿ’ ಎಂದು ಅದು ಮುಖಪುಟದಲ್ಲಿ ದಪ್ಪಕ್ಷರದಲ್ಲಿ ಸಾರಿತು. ಇದಕ್ಕೆ ಬರೀ ಉಡಾಫೆಯೇ ಕಾರಣವಾಗಿರಲಿಲ್ಲ. ಅಚ್ಚುಮೊಳೆ ಜೋಡಿಸುವ ಕೆಲಸಗಾರರು ಹಿಂದಿನ ವರ್ಷದಿಂದಲೂ ಮುಷ್ಕರ ಹೂಡಿದ್ದರಿಂದ, ಸುದ್ದಿಯನ್ನು ಟೈಪ್‌ರೈಟರಿನಲ್ಲಿ ಹೊಡೆದು, ಆ ಹಾಳೆಯ ಫೋಟೊ ತೆಗೆದು, ಅದರಿಂದ ಬ್ಲಾಕ್ ಮಾಡಿಸಿ ಅಚ್ಚಿಗೆ ಕೊಡಬೇಕಾಗಿತ್ತು. ಇಷ್ಟೆಲ್ಲ ಆಗಲು ಹೆಚ್ಚಿನ ಹೊತ್ತು ಹಿಡಿಯುತ್ತಿದ್ದುದರಿಂದ ಮೊದಲ ಆವೃತ್ತಿಯ ಪುಟವನ್ನು ಎಂದಿಗಿಂತ ಗಂಟೆಗಟ್ಟಲೆ ಮೊದಲೇ ಮುಗಿಸಬೇಕಿತ್ತು. ಹಲವು ರಾಜ್ಯಗಳ ಫಲಿತಾಂಶ ಕೈಸೇರಿರಲಿಲ್ಲ. ವಾಷಿಂಗ್ಟನ್ನಿನ ಹಿರಿಯ ವರದಿಗಾರ ಆರ್ಥರ್ ಸಿಯರ್ಸ್ ಹೆನ್ನಿಂಗ್ ಡ್ಯೂಯಿಯವರೇ ಗೆಲ್ಲುತ್ತಾರೆ ಎಂದರು. ಅವರ ಲೆಕ್ಕಾಚಾರ ಹಿಂದೆ ಬಹುಪಾಲು ಸರಿ ಬಂದಿದ್ದರಿಂದ ಸಂಪಾದಕರು ನಂಬಿದರು. ಸುಮಾರು 1,50,000 ಪ್ರತಿಗಳು ಅಚ್ಚಾಗಿ ಹೊರಟವು.

ಬೆಳಗಾಗುವ ಹೊತ್ತಿಗೆ ಗೆದ್ದವರು ಟ್ರೂಮನ್ ಎಂಬುದು ಖಚಿತವಾಗತೊಡಗಿತು. ಅಂತಿಮವಾಗಿ ಅವರಿಗೆ 303 ಎಲೆಕ್ಟೋರಲ್ ಮತಗಳು (ರಾಜ್ಯವಾರು ಲೆಕ್ಕದಲ್ಲಿ ಅಧ್ಯಕ್ಷರನ್ನು ನಿರ್ಧರಿಸುವ ಮತಗಳು) ಬಂದವು, ಡ್ಯೂಯಿಯವರಿಗೆ 189. ಮತದಾನ ಮುಗಿದ ಎರಡು ದಿನಕ್ಕೆ ಸೇಂಟ್ ಲೂಯಿಸ್ ನಿಲ್ದಾಣದಲ್ಲಿ ರೈಲಿನ ಹಿಂಬದಿಯ ಕಟಕಟೆಗೆ ಬಂದು ನಿಂತ ಟ್ರೂಮನ್, ತಮ್ಮ ಸೋಲನ್ನು ಸಾರಿದ ಆ ಪತ್ರಿಕೆಯನ್ನು ಎರಡೂ ಕೈಗಳಿಂದ ಎತ್ತಿ ಹಿಡಿದರು. ಅವರ ಆ ಬಾಯ್ತುಂಬಾ ನಗುವಿನ ಚಿತ್ರವನ್ನು ಓದುಗರಲ್ಲಿ ಅನೇಕರು ನೋಡಿರುತ್ತೀರಿ. ಅವರನ್ನು ಹಿಂದೆ ದಡ್ಡರೆಂದು ಜರೆದಿದ್ದ ಪತ್ರಿಕೆಯೂ ಅದೇ ಆಗಿತ್ತು ಎಂಬುದು ತಿಳಿದರೆ ಆ ನಗುವಿನ ಸವಿ ಇನ್ನೂ ಹೆಚ್ಚುತ್ತದೆ. ಪತ್ರಿಕೆಯ ನಂತರದ ನಡೆ ನನಗೆ ಬಹಳ ಮೆಚ್ಚುಗೆಯಾಯಿತು: ಚುನಾವಣೆಯ 25ನೇ ವರ್ಷಕ್ಕೆ ಅದೇ ತಪ್ಪು ತಲೆಬರಹದ ಫಲಕವೊಂದನ್ನು ಟ್ರೂಮನ್ನರಿಗೆ ಉಡುಗೊರೆ ಕೊಡಲು ಟ್ರಿಬ್ಯೂನ್ ಯೋಚಿಸಿತ್ತು. ಅಷ್ಟರೊಳಗೆ, 1972ರ ಡಿಸೆಂಬರಿನಲ್ಲಿ, ಅವರು ತೀರಿಕೊಂಡರು.

ಆ ಎಡವಟ್ಟಿನಿಂದ ಒಳ್ಳೆಯದೂ ಆಯಿತು. ಡ್ಯೂಯಿ ಗೆಲ್ಲುತ್ತಾರೆಂದು ಹೇಳಿದ್ದವರಲ್ಲಿ ಗ್ಯಾಲಪ್ ಮೊದಲಾದ ಸಮೀಕ್ಷಕರೂ ಇದ್ದರು. ಮತದಾನಕ್ಕೆ ವಾರಗಳಿರುವಾಗಲೇ ಅವರು ಜನರನ್ನು ಕೇಳುವುದನ್ನು ನಿಲ್ಲಿಸಿದ್ದರು. ವಿದ್ವಾಂಸರ ಸಮಿತಿಯೊಂದು ತನಿಖೆಗೆ ಕೂತು ಸಮೀಕ್ಷೆಯ ವಿಧಾನವನ್ನೇ ಪ್ರಶ್ನಿಸಿದ ಮೇಲೆ ಆ ವಿದ್ಯೆ ಸುಧಾರಿಸಿತು. ಇದಕ್ಕೂ ಮುಂಚೆ, 1936ರಲ್ಲಿ, ‘ಲಿಟರರಿ ಡೈಜೆಸ್ಟ್’ ವಾರಪತ್ರಿಕೆ 20 ಲಕ್ಷಕ್ಕೂ ಹೆಚ್ಚು ಜನರ ಉತ್ತರ ತರಿಸಿಕೊಂಡು ಆಗಿನ ಅಧ್ಯಕ್ಷ ರೂಸ್‌ವೆಲ್ಟ್ ಅವರ ಎದುರಾಳಿ ಲ್ಯಾಂಡನ್ ಗೆಲುವನ್ನು ಘೋಷಿಸಿತ್ತು. ರೂಸ್‌ವೆಲ್ಟ್ 48ರಲ್ಲಿ 46 ರಾಜ್ಯಗಳನ್ನು ಗೆದ್ದರು, 1938ರಲ್ಲಿ ಆ ವಾರಪತ್ರಿಕೆಯೇ ನಿಂತುಹೋಯಿತು. ನಮ್ಮ ಚುನಾವಣೆಗಳ ಹೊತ್ತಿನಲ್ಲಿ ಮತಗಟ್ಟೆ ಸಮೀಕ್ಷೆಗಳನ್ನು ಎಂಟು ಕಾಲಮ್ಮಿನಲ್ಲಿ ಹಾಕುವವರು ಈ ಎರಡು ಪ್ರಸಂಗಗಳನ್ನು ಮೇಜಿನ ಮೇಲೆ ಬರೆದಿಟ್ಟುಕೊಳ್ಳಬೇಕೆಂಬುದು ನನ್ನ ಆಸೆ.

ತಪ್ಪುಗಳೆಲ್ಲ ನಗು ತರಿಸುವುದಿಲ್ಲ. ಟೈಟಾನಿಕ್ ಮುಳುಗಿದ 1912ರ ಏಪ್ರಿಲ್ 15ರ ಸಂಜೆ ನ್ಯೂಯಾರ್ಕಿನ ‘ಈವ್ನಿಂಗ್ ಸನ್’ ಎಲ್ಲರೂ ಪಾರಾದರೆಂದು ತಲೆಬರಹ ಕೊಟ್ಟಿತ್ತು. ಸತ್ತವರು ಸುಮಾರು 1,500 ಮಂದಿ. ಅದೇ ದಿನ ಬೆಳಿಗ್ಗೆ ‘ನ್ಯೂಯಾರ್ಕ್ ಟೈಮ್ಸ್’ ಮಾತ್ರ ಹಡಗಿನಿಂದ ಕೊನೆಯ ತಂತಿರಹಿತ ಸಂದೇಶ ಬಂದು ನಿಂತದ್ದು ನಡುರಾತ್ರಿ 12.27ಕ್ಕೆ ಎಂಬುದನ್ನು ತಲೆಬರಹದಲ್ಲೇ ಕೊಟ್ಟು, ಆ ಮೌನದ ಅರ್ಥವನ್ನು ಸರಿಯಾಗಿ ಗ್ರಹಿಸಿತ್ತು.

ಅಂಥ ಟೈಮ್ಸ್ ಕೂಡ 1920ರ ಜನವರಿ 13ರಂದು ಜಾರಿ ಬಿದ್ದಿತ್ತು. ಗಾಳಿಯಿಲ್ಲದ ಕಡೆ ರಾಕೆಟ್ ಹೋಗಲಾರದು, ಪ್ರೊಫೆಸರ್ ರಾಬರ್ಟ್ ಗಾಡರ್ಡ್ ಅವರಿಗೆ ಹೈಸ್ಕೂಲಿನಲ್ಲಿ ಕಲಿಸುವ ವಿಜ್ಞಾನವೂ ಗೊತ್ತಿದ್ದಂತಿಲ್ಲ ಎಂದು ಸಂಪಾದಕೀಯ ಪುಟದಲ್ಲಿ ಗೇಲಿ ಮಾಡಿತು. ಗಾಡರ್ಡ್ ಪತ್ರಿಕೆಗಳ ಸಹವಾಸದಿಂದ ದೂರ ಸರಿದರು, 1926ರಲ್ಲಿ ದ್ರವ ಇಂಧನದ ಮೊದಲ ರಾಕೆಟ್ ಹಾರಿಸಿದರು, 1945ರಲ್ಲಿ ಕಣ್ಮುಚ್ಚಿದರು. ಟೈಮ್ಸ್ ತಿದ್ದುಪಡಿ ಪ್ರಕಟಿಸಿದ್ದು 1969ರ ಜುಲೈ 17ರಂದು, ಅಪೊಲೊ 11 ಚಂದ್ರನತ್ತ ಹೊರಟ ಮರುದಿನ! ನಿರ್ವಾತದಲ್ಲಿಯೂ ರಾಕೆಟ್ ಕೆಲಸ ಮಾಡುತ್ತದೆಂಬುದು ಈಗ ಖಚಿತವಾಗಿದೆ, ತಪ್ಪಿಗೆ ವಿಷಾದಿಸುತ್ತೇವೆ ಎಂಬುದು ಅದರ ಸಾರ. 49 ವರ್ಷ ತಡವಾದ ಆ ಕೆಲವು ಸಾಲುಗಳನ್ನು ನೆನೆದಾಗಲೆಲ್ಲ ನನಗೆ ನಗು ತಡೆಯಲಾಗುವುದಿಲ್ಲ. ಜೊತೆಗೇ, ಕೊನೆಗೂ ಒಪ್ಪಿಕೊಂಡರಲ್ಲ ಎಂಬ ಗೌರವವೂ ಮೂಡುತ್ತದೆ.

ಎತ್ತರದ ಮೂಲದಿಂದ ಬಂದ ಸುದ್ದಿಯನ್ನೂ ವಿಚಾರಿಸಿಯೇ ಹಾಕಬೇಕೆಂಬುದಕ್ಕೆ ನಮ್ಮ ದೇಶದ್ದೇ ನಿದರ್ಶನವಿದೆ. 1979ರ ಮಾರ್ಚಿನಲ್ಲಿ ಪ್ರಧಾನಿ ಮೊರಾರ್ಜಿ ದೇಸಾಯಿಯವರು ಜಯಪ್ರಕಾಶ ನಾರಾಯಣರು ನಿಧನರಾದರೆಂದು ಲೋಕಸಭೆಯಲ್ಲೇ ಪ್ರಕಟಿಸಿದರು. ಸದನ ಮುಂದೂಡಲ್ಪಟ್ಟಿತು, ಆಕಾಶವಾಣಿಯ ಎಂದಿನ ಕಾರ್ಯಕ್ರಮಗಳು ನಿಂತವು, ಅಂಗಡಿ, ಶಾಲೆಗಳು ಮುಚ್ಚಿದವು. ಜೆ.ಪಿ. ಮುಂಬೈಯ ಆಸ್ಪತ್ರೆಯಲ್ಲಿ ಜೀವಂತವಾಗಿದ್ದರು! ಆಮೇಲೆ ವಿಷಯ ತಿಳಿಸಿದಾಗ ಅವರು ಮುಗುಳ್ನಕ್ಕರಂತೆ. ಅವರು ನಿಧನರಾದದ್ದು ಅದೇ ವರ್ಷದ ಅಕ್ಟೋಬರ್ 8ರಂದು.

ತಮ್ಮಲ್ಲಿ ನನ್ನ ಕೋರಿಕೆ ಎರಡು. ಮುಖಪುಟದ ತಲೆಬರಹ ತಪ್ಪಾದರೆ ಅದರ ತಿದ್ದುಪಡಿಯೂ ಮುಖಪುಟದಲ್ಲೇ ಬರಲಿ. ಒಳಪುಟದ ಮೂಲೆಯಲ್ಲಿ, ಟೆಂಡರ್ ಪ್ರಕಟಣೆಯ ಕೆಳಗೆ ಎರಡು ಸಾಲು ಹಾಕಿದರೆ, ತಪ್ಪನ್ನು ಓದಿದವರಲ್ಲಿ ಹತ್ತರಲ್ಲೊಬ್ಬರಾದರೂ ಅದನ್ನು ಓದುತ್ತಾರೆಂಬ ಭರವಸೆ ನನಗಿಲ್ಲ. ‘ದಿ ಹಿಂದೂ’ 2006ರಲ್ಲಿ ಓದುಗರ ದೂರು ಕೇಳಲೆಂದೇ ‘ರೀಡರ್ಸ್ ಎಡಿಟರ್’ ಹುದ್ದೆ ಸೃಷ್ಟಿಸಿತು. ಕನ್ನಡದಲ್ಲಿ ಅಂಥದೊಂದು ಏರ್ಪಾಡನ್ನು ತಾವು ಗಟ್ಟಿಯಾಗಿ ನೆಲೆಗೊಳಿಸಬಹುದು. ಎರಡನೆಯದಾಗಿ, ಬರುವ ಜುಲೈ 1ರಂದು ತಮ್ಮದೇ ಹಳೆಯ ಸಂಪುಟಗಳಿಂದ ತಪ್ಪಿದ ತಲೆಬರಹಗಳನ್ನು ಆಯ್ದು, ಅಂದು ರಾತ್ರಿ ಡೆಸ್ಕಿನಲ್ಲಿ ನಡೆದದ್ದೇನು ಎಂಬುದನ್ನು ಆಗಿದ್ದ ಉಪಸಂಪಾದಕರಿಂದಲೇ ಬರೆಯಿಸಿ ಒಂದು ಪುಟ ಪ್ರಕಟಿಸಿ. ಓದುಗರಿಂದಲೂ ಹಳೆಯ ಕತ್ತರಿಕೆಗಳನ್ನು ಆಹ್ವಾನಿಸಿ. ನಾನು ಜೋಪಾನವಾಗಿಟ್ಟುಕೊಂಡಿರುವ ಕೆಲವನ್ನು ತಾವು ಕೇಳಿದ ಕೂಡಲೇ ಅಂಚೆಯಲ್ಲಿ ಕಳುಹಿಸಿಕೊಡುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಹಳೆಯ ಓದುಗ, ಧಾರವಾಡ